ಹಣೆಬರಹವೆಂಬ ಮಾತು ಮತ್ತು ಬಸ್ಸಿನ ಒಡೆಯ

ಅಪಘಾತದ ಸುದ್ದಿ ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಹೊರಡುವ ಮಾತು ‘ಹಣೆಬರಹ’ ಎಂಬುದು. ಎರಡನೆಯ ಮಾತು ‘ಡ್ರೈವರ್ ಕುಡಿದಿದ್ದನಂತೆ’ ಎಂಬುದು. ಮೊದಲನೆಯದು ಹೊಣೆಯನ್ನು ಆಕಾಶಕ್ಕೆ ಏರಿಸುತ್ತದೆ. ಎರಡನೆಯದು ಅದನ್ನು ತಿಂಗಳ ಸಂಬಳದ ಒಬ್ಬ ಬಡವನ ತಲೆಯ ಮೇಲೆ ಇಳಿಸುತ್ತದೆ. ಇವೆರಡರ ನಡುವೆ ಕುಳಿತಿರುವ ಬಸ್ಸಿನ ಒಡೆಯನು ಯಾರ ಕಣ್ಣಿಗೂ ಬೀಳುವುದಿಲ್ಲ. ಮಠದಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಓದಿ ಬೆಳೆದ ನನಗೆ ಮೋಟಾರು ಕಾಯಿದೆಯ ಗೊಡವೆ ಏಕೆಂದು ಓದುಗರು ಕೇಳಬಹುದು. ಮದುವೆಗೆ, ಜಾತ್ರೆಗೆ, ಯಾತ್ರೆಗೆಂದು ಬಾಡಿಗೆ ಬಸ್ಸು ಗೊತ್ತುಮಾಡುವವರು ನಾವೇ ಆಗಿರುವುದರಿಂದ ಈ ಗೊಡವೆ ನಮಗೂ ಇದೆ.

ಚಾಲಕನ ತಪ್ಪಿಗೆ ಯಾರು ಹೊಣೆ ಎಂಬ ಪ್ರಶ್ನೆ ಮೋಟಾರಿನಷ್ಟು ಹೊಸದಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿಯ ಅವಘಡಗಳನ್ನು ಕುರಿತ ಕೆಲವು ಶ್ಲೋಕಗಳಿವೆ. ಆ ಗ್ರಂಥದ ವರ್ಣನೀತಿಯನ್ನು ಶರಣರು ಒಪ್ಪಲಿಲ್ಲ, ನಾನೂ ಒಪ್ಪಿದವನಲ್ಲ. ಆದರೆ ಹಳೆಯ ನ್ಯಾಯಚಿಂತನೆಯ ದಾಖಲೆಯಾಗಿ ಅದನ್ನು ಓದಬೇಕಾಗುತ್ತದೆ. ಮೂಗುದಾರ ಕಡಿದರೆ, ನೊಗ ಮುರಿದರೆ, ಅಚ್ಚು ಅಥವಾ ಗಾಲಿ ಒಡೆದರೆ, ‘ಸರಿಯಿರಿ’ ಎಂದು ಕೂಗಿ ಎಚ್ಚರಿಸಿದ್ದರೆ ದಂಡವಿಲ್ಲವೆಂದು ಅಲ್ಲಿ ಹೇಳಿದೆ. ಗಾಡಿ ಹೊಡೆಯುವವನಿಗೆ ಅಲ್ಲಿ ‘ಪ್ರಾಜಕ’ ಎಂಬ ಹೆಸರು. ಪ್ರಾಜಕನ ಅಕುಶಲತೆಯಿಂದ ಗಾಡಿ ಉರುಳಿ ಹಾನಿಯಾದರೆ ದಂಡ ತೆರಬೇಕಾದವನು ಒಡೆಯ. ಅದು ಇನ್ನೂರು ಪಣ. ಪ್ರಾಜಕನು ನುರಿತವನಾಗಿದ್ದೂ ತಪ್ಪಿದರೆ ದಂಡ ಅವನಿಗೆ. ಅಷ್ಟೇ ಅಲ್ಲ, ಅಕುಶಲನ ಗಾಡಿಯನ್ನು ಏರಿ ಕುಳಿತವರಿಗೂ ತಲಾ ನೂರು ಪಣ! ಈ ಕೊನೆಯ ವಿಧಿ ಇಂದು ಜಾರಿಯಲ್ಲಿದ್ದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ದಂಡ ತೆತ್ತಿರುತ್ತಿದ್ದೆವೋ ಹೇಳಲಾಗದು. ಅದಿರಲಿ. ಅಕುಶಲನನ್ನು ನೇಮಿಸಿದ್ದು ಒಡೆಯನ ತಪ್ಪು ಎಂಬ ತಿಳಿವಳಿಕೆ ಎತ್ತಿನ ಗಾಡಿಯ ಕಾಲದಲ್ಲಿಯೇ ಇತ್ತೆಂಬುದು ಗಮನಿಸತಕ್ಕ ಸಂಗತಿ.

ಇಂದಿನ ಕಾನೂನು ಇದಕ್ಕಿಂತ ಮುಂದೆ ಹೋಗಿದೆ. ಸೇವಕನು ಒಡೆಯನ ಕೆಲಸದಲ್ಲಿರುವಾಗ ಮಾಡಿದ ಅಜಾಗರೂಕತೆಗೆ ಒಡೆಯನೇ ಹೊಣೆ. ಚಾಲಕನು ನುರಿತವನೇ ಆಗಿದ್ದರೂ ಸರಿ. 1988ರ ಮೋಟಾರು ವಾಹನಗಳ ಕಾಯಿದೆಯ ಅಡಿಯಲ್ಲಿ ನೊಂದವರು ಪರಿಹಾರ ಕೇಳುವಾಗ ಚಾಲಕ, ಮಾಲೀಕ, ವಿಮಾ ಕಂಪನಿ ಈ ಮೂವರನ್ನೂ ಎದುರುಗಾರರನ್ನಾಗಿ ಮಾಡುವುದು ರೂಢಿ. ಹಣವನ್ನು ಸಾಮಾನ್ಯವಾಗಿ ಕಟ್ಟುವುದು ವಿಮಾ ಕಂಪನಿ. ಸರ್ಕಾರಿ ಸಾರಿಗೆ ನಿಗಮಗಳಿಗೆ ವಿಮೆಯಿಂದ ವಿನಾಯಿತಿ ಪಡೆದು ತಮ್ಮದೇ ನಿಧಿಯಿಂದ ಪರಿಹಾರ ಕೊಡಲು ಅವಕಾಶವಿದೆ. ಕೊಡದೆ ತಡಮಾಡಿದಾಗ ನ್ಯಾಯಾಲಯದ ಅಮೀನರು ನಿಲ್ದಾಣಕ್ಕೆ ಬಂದು ಬಸ್ಸನ್ನೇ ಜಪ್ತಿ ಮಾಡಿದ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ್ದೇವೆ.

ಕೆಲವು ವರ್ಷಗಳ ಕೆಳಗೆ ನಮ್ಮ ಭಾಗದ ಒಬ್ಬ ಹೆಣ್ಣುಮಗಳು ಕಾಗದಗಳ ಗಂಟೊಂದನ್ನು ಹಿಡಿದು ನನ್ನಲ್ಲಿಗೆ ಬಂದಳು. ಅವಳ ಗಂಡ ಖಾಸಗಿ ರಾತ್ರಿ ಬಸ್ಸಿನ ಚಾಲಕ. ನಸುಕಿನಲ್ಲಿ ನಿಂತಿದ್ದ ಲಾರಿಗೆ ಬಸ್ಸು ಗುದ್ದಿ ಅವನೂ ಇಬ್ಬರು ಪ್ರಯಾಣಿಕರೂ ತೀರಿಕೊಂಡಿದ್ದರು. ‘ಗುರುಗಳ, ಇದರಾಗ ಏನ್ ಬರದೈತಿ ಓದಿ ಹೇಳ್ರಿ. ನನ್ನ ಗಂಡಂದ ತಪ್ಪಂತ ಬರದಾರಂತ. ಸತ್ತಾವ ಎದ್ದು ಬಂದು ಹೇಳಾಂಗಿಲ್ಲಲ್ರಿ’ ಎಂದಳು. ನಾನು ಓದಿದೆ. ಮೃತ ಚಾಲಕನ ಅತಿವೇಗ ಮತ್ತು ನಿರ್ಲಕ್ಷ್ಯವೇ ಕಾರಣವೆಂದು ಬರೆದು, ಆರೋಪಿ ಸತ್ತಿರುವುದರಿಂದ ಪ್ರಕರಣವನ್ನು ಮುಗಿಸಲಾಗಿತ್ತು. ಅವನು ಅದು ಸತತ ಮೂರನೆಯ ರಾತ್ರಿ ಬಸ್ಸು ಓಡಿಸುತ್ತಿದ್ದನೆಂದೂ, ಹಗಲಿನಲ್ಲಿ ಬಸ್ಸು ತೊಳೆಯಿಸುವುದು, ಪಾರ್ಸಲ್ ಇಳಿಸುವುದು ಅವನ ಪಾಲಿಗೇ ಬರುತ್ತಿತ್ತೆಂದೂ ಅವಳು ಹೇಳಿದಳು. ಆ ಕಾಗದಗಳಲ್ಲಿ ಇದರ ಸುಳಿವೇ ಇರಲಿಲ್ಲ. ಮಾಲೀಕನು ಮಣ್ಣಿಗೆಂದು ಇಪ್ಪತ್ತು ಸಾವಿರ ರೂಪಾಯಿ ಕೈಗಿತ್ತು, ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದನು.

ಈ ಮೂರು ರಾತ್ರಿಗಳ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತ್ತು. ಐದು ಗಂಟೆಗಳ ದುಡಿಮೆಯ ಬಳಿಕ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕೆಂದಿತ್ತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಆ ಕಾಯಿದೆಯು ಅವುಗಳಲ್ಲಿ ಲೀನವಾಯಿತು. ದಿನಕ್ಕೆ ಎಂಟು ಗಂಟೆಯೆಂಬ ಮಿತಿ ಉಳಿದುಕೊಂಡಿದೆ. ಆದರೆ ಬೆಂಗಳೂರಿನಿಂದ ಉತ್ತರದ ಜಿಲ್ಲೆಗಳಿಗೆ ರಾತ್ರಿ ಹೊರಡುವ ಬಸ್ಸು ಬೆಳಗಾದ ಮೇಲೆ ಊರು ಮುಟ್ಟುತ್ತದೆ. ಸಂಜೆಯೇ ಬಂದು ಬಸ್ಸು ತೆಗೆದ ಚಾಲಕನು ಒಬ್ಬನೇ ಇದ್ದರೆ ಎಂಟು ಗಂಟೆಯ ಲೆಕ್ಕ ಎಲ್ಲಿ ಉಳಿಯಿತು? ಎರಡನೆಯ ಚಾಲಕನ ಹೆಸರು ಚೀಟಿಯಲ್ಲಿ ಇರುತ್ತದೆ. ಆಸನದಲ್ಲಿ ಆತ ಇರುತ್ತಾನೆಯೇ ಎಂದು ನಾವು ಯಾರೂ ಇಣುಕಿ ನೋಡುವುದಿಲ್ಲ.

ನಿದ್ದೆಯು ಇಚ್ಛೆಗೆ ಒಳಪಟ್ಟದ್ದಲ್ಲ. ರಾತ್ರಿ ಎರಡರಿಂದ ಐದರವರೆಗಿನ ಜಾವದಲ್ಲಿ ದೇಹವು ತಾನಾಗಿಯೇ ಮಂಕಾಗುತ್ತದೆ. ಎಂಥ ನಿಷ್ಠಾವಂತನಿಗೂ ಇದು ತಪ್ಪದು. ಕಣ್ಣು ತೆರೆದಿರುವಂತೆಯೇ ಮನಸ್ಸು ಕ್ಷಣಕಾಲ ಮುಚ್ಚಿಹೋಗುವುದುಂಟು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸು ನಾಲ್ಕು ಸೆಕೆಂಡುಗಳಲ್ಲಿ ಸುಮಾರು 89 ಮೀಟರ್ ದೂರ ಸಾಗುತ್ತದೆ. ಅಷ್ಟು ದೂರ ಆ ಬಸ್ಸಿಗೆ ಸಾರಥಿಯೇ ಇಲ್ಲ. ಚಹಾ, ಬೀಡಿ, ಗುಟಕಾ, ಮುಖಕ್ಕೆ ತಣ್ಣೀರು ಇವೆಲ್ಲ ನಿದ್ದೆಯನ್ನು ಮುಂದೂಡಬಹುದೇ ಹೊರತು ನಿದ್ದೆಯ ಸಾಲವನ್ನು ತೀರಿಸಲಾರವು.

ಒಡೆಯನ ಹೊಣೆ ಚಾಲಕನ ನಿದ್ದೆಗೆ ಮಾತ್ರ ಸೀಮಿತವಲ್ಲ. ಬಸ್ಸಿನ ದೇಹವೂ ಅವನದೇ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಅಸುನೀಗಿದರು. ಸುಮಾರು ಎರಡು ವಾರಗಳ ಬಳಿಕ ನಮ್ಮ ಹಾವೇರಿಯ ಬಳಿ ಇನ್ನೊಂದು ಬಸ್ಸು ಅದೇ ರೀತಿ ಉರಿಯಿತು. 2018ರ ನವೆಂಬರ್ 24, ಶನಿವಾರ, ಮಂಡ್ಯ ಜಿಲ್ಲೆಯ ಕನಗನಮರಡಿಯಲ್ಲಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನರು ಮುಳುಗಿದರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳಿದ್ದರು. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಮಲಗುವ ಬಸ್ಸು ಕರ್ನೂಲಿನ ಬಳಿ ಬೈಕಿಗೆ ತಗುಲಿ ಬೆಂಕಿಗೆ ತುತ್ತಾಯಿತು. ಇಂಥ ಕಡೆಗಳಲ್ಲೆಲ್ಲ ಮೊದಲ ಪೆಟ್ಟಿಗಿಂತ ಹೊರಬರಲಾರದ ಇಕ್ಕಟ್ಟೇ ಹೆಚ್ಚು ಪ್ರಾಣ ತೆಗೆಯುತ್ತದೆ. ತುರ್ತು ಬಾಗಿಲಿಗೆ ಅಡ್ಡವಾಗಿ ಮೂಟೆ ಒಟ್ಟುವುದು, ಗಾಜು ಒಡೆಯುವ ಸುತ್ತಿಗೆಯ ಜಾಗದಲ್ಲಿ ಬರಿಯ ಕೊಕ್ಕೆ ತೂಗುವುದು, ಇವು ಚಾಲಕನ ಅಪರಾಧಗಳೇ?

ದಂಡನೆಯ ವಿಷಯದಲ್ಲಿ ಮಾತ್ರ ತಕ್ಕಡಿ ಇನ್ನೂ ಒಂದೇ ಕಡೆ ವಾಲಿದೆ. ನಿರ್ಲಕ್ಷ್ಯದಿಂದ ಮರಣವುಂಟುಮಾಡಿದವನಿಗೆ ಹಳೆಯ ದಂಡ ಸಂಹಿತೆಯಲ್ಲಿ ಗರಿಷ್ಠ ಎರಡು ವರ್ಷ ಸೆರೆಯಿತ್ತು; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಐದು ವರ್ಷಗಳವರೆಗೆ ಏರಿದೆ. ಸಾಮಾನ್ಯವಾಗಿ ಆ ಸೆರೆಯ ಭಯ ಚಾಲಕನಿಗೆ. ಮಿತಿಮೀರಿ ಜನರನ್ನು ತುಂಬಿದ್ದಕ್ಕೆ ಕಾಯಿದೆ ಹಾಕುವ ದಂಡ ಹೆಚ್ಚುವರಿ ಪ್ರಯಾಣಿಕನೊಬ್ಬನಿಗೆ ಇನ್ನೂರು ರೂಪಾಯಿ. ಮನುವಿನ ಇನ್ನೂರು ಪಣವೇ ಇದಕ್ಕಿಂತ ಭಾರವಾಗಿತ್ತೆಂದು ನನ್ನ ಅನಿಸಿಕೆ.

ಆ ಹೆಣ್ಣುಮಗಳ ವಿಷಯಕ್ಕೆ ಬರೋಣ. ತನ್ನದೇ ತಪ್ಪಿನಿಂದ ಸತ್ತ ಚಾಲಕನ ಮನೆಯವರು ಇತರ ಪ್ರಯಾಣಿಕರಂತೆ ಅಪಘಾತ ನ್ಯಾಯಮಂಡಳಿಯಲ್ಲಿ ನಿರ್ಲಕ್ಷ್ಯದ ಆಧಾರದ ಮೇಲೆ ಪರಿಹಾರ ಕೇಳಲು ಬರುವುದಿಲ್ಲ. ಊರಿನವರು ಇಷ್ಟನ್ನೇ ತಿಳಿದು ‘ನಿನಗೇನೂ ಸಿಗುವುದಿಲ್ಲ’ ಎಂದಿದ್ದರು. ಆದರೆ ದುಡಿಮೆಯ ವೇಳೆಯಲ್ಲಿ ಸತ್ತ ನೌಕರನೆಂಬ ನೆಲೆಯಲ್ಲಿ ಬೇರೊಂದು ದಾರಿಯಿದೆ. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಪ್ರಕಾರ, ಕೆಲಸದಿಂದ ಉಂಟಾದ ಅಪಘಾತದಲ್ಲಿ ಮರಣ ಸಂಭವಿಸಿದರೆ ನೌಕರನ ಅಜಾಗರೂಕತೆಯನ್ನು ಮುಂದೊಡ್ಡಿ ಒಡೆಯನು ಜಾರಿಕೊಳ್ಳುವಂತಿರಲಿಲ್ಲ. ಈ ತತ್ವವು ಇಂದಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಪರಿಚಯದ ವಕೀಲರೊಬ್ಬರು ಆ ದಾರಿಯಲ್ಲಿ ಅರ್ಜಿ ಹಾಕಿದರು. ಮಾಲೀಕನು ‘ಅವನು ನನ್ನ ನೌಕರನೇ ಅಲ್ಲ’ ಎಂದುಬಿಟ್ಟನು! ಹಾಜರಿ ಪುಸ್ತಕದಲ್ಲಿ ಹೆಸರಿರಲಿಲ್ಲ. ನೇಮಕದ ಪತ್ರವಂತೂ ಇರಲೇ ಇಲ್ಲ. ಕೊನೆಗೆ ಅವಳನ್ನು ಉಳಿಸಿದ್ದು ಮನೆಯ ತಗಡಿನ ಪೆಟ್ಟಿಗೆ. ಡೀಸೆಲ್ ಹಾಕಿಸಿದ ಚೀಟಿಗಳು, ಭತ್ಯೆಯ ಚೀಟಿಗಳು, ಬಸ್ಸಿನ ಸಂಖ್ಯೆಯೊಡನೆ ಅವನ ರುಜು ಇದ್ದ ಪಾರ್ಸಲ್ ರಸೀದಿಗಳು ಅದರಲ್ಲಿದ್ದವು. ಓದುಬರಹ ಬಾರದ ಆಕೆ ಗಂಡನ ಅಂಗಿಜೇಬಿನಲ್ಲಿ ಸಿಕ್ಕಿದ ಒಂದು ಕಾಗದವನ್ನೂ ಒಲೆಗೆ ಹಾಕಿರಲಿಲ್ಲ. ನಾಲ್ಕು ವರ್ಷಗಳ ಮೇಲೆ ಹಣ ಬಂದಿತು. ಹಿರಿಯ ಮಗ ಅಷ್ಟರೊಳಗೆ ಶಾಲೆ ಬಿಟ್ಟಿದ್ದನು.

ಪ್ರಯಾಣಿಕರಾಗಿ ನೊಂದವರ ದಾರಿ ಇದಕ್ಕಿಂತ ಸುಗಮ. ದೂರದ ರಾಜ್ಯದಲ್ಲಿ ಅಪಘಾತವಾದರೂ ತಾವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ, ಯಾರ ತಪ್ಪೆಂದು ಸಾಧಿಸದೆಯೂ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ದೊರೆಯುವ ವಿಧಿಯಿದೆ. ಆದರೆ ಅವಸರ ಬೇಡ. ಅದನ್ನು ಒಪ್ಪಿಕೊಂಡರೆ ಹೆಚ್ಚಿನ ಪರಿಹಾರದ ಅರ್ಜಿ ಬಿದ್ದುಹೋಗುತ್ತದೆ. ಹೆಚ್ಚಿನದು ಎಷ್ಟಾದೀತು? ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಥಿ ಪ್ರಕರಣಗಳಲ್ಲಿ ಲೆಕ್ಕದ ಕ್ರಮವನ್ನು ನಿಗದಿಮಾಡಿದೆ. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದ 38 ವರ್ಷದ ನೇಕಾರನೊಬ್ಬನು ಹೆಂಡತಿ, ತಾಯಿ, ಇಬ್ಬರು ಮಕ್ಕಳನ್ನು ಬಿಟ್ಟು ತೀರಿಕೊಂಡನೆಂದು ಇಟ್ಟುಕೊಳ್ಳಿ. ಮುಂದಿನ ಏಳಿಗೆಗೆಂದು ಶೇಕಡಾ 40 ಸೇರಿಸಿದರೆ 16,800. ಅವನ ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 12,600. ಅದನ್ನು ವರ್ಷದ ಹನ್ನೆರಡು ತಿಂಗಳಿಂದಲೂ, ಅವನ ವಯಸ್ಸಿಗೆ ಗೊತ್ತುಪಡಿಸಿದ 15 ಎಂಬ ಗುಣಕದಿಂದಲೂ ಗುಣಿಸಿದರೆ 22,68,000 ರೂಪಾಯಿ. ಅಂತ್ಯಕ್ರಿಯೆ ಮೊದಲಾದವುಗಳ ಮೊತ್ತ ಇದರ ಮೇಲೆ. ಮನೆಗೆಲಸ ಮಾತ್ರ ಮಾಡುತ್ತಿದ್ದ ತಾಯಂದಿರ ದುಡಿಮೆಗೂ ಬೆಲೆ ಕಟ್ಟಬೇಕೆಂದು ಅದೇ ಕೋರ್ಟು 2001ರಲ್ಲಿಯೂ 2021ರಲ್ಲಿಯೂ ಹೇಳಿದೆ. ಇದನ್ನು ಅರಿಯದೆ ಐವತ್ತು ಸಾವಿರಕ್ಕೆ ಹೆಬ್ಬೆಟ್ಟು ಒತ್ತಿದ ಮನೆಗಳನ್ನು ನಾನು ಬಲ್ಲೆ.

ಕಾಯಿದೆಯು ಈಗ ಅರ್ಜಿಗೆ ಆರು ತಿಂಗಳ ಗಡುವನ್ನು ಹಾಕಿದೆ. ಅದರ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದ್ದರೂ ಆ ಭರವಸೆಯ ಮೇಲೆ ಕುಳಿತುಕೊಳ್ಳುವುದು ಜಾಣತನವಲ್ಲ. ಸೂತಕ ಕಳೆದ ವಾರದಲ್ಲಿಯೇ ವಕೀಲರನ್ನು ಕಾಣಬೇಕು. ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇ ತಿಂಗಳಿನಿಂದ ಇದೆ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದ ಸಜ್ಜನರನ್ನು ಕಾನೂನು ರಕ್ಷಿಸುತ್ತದೆ. ‘ಪೊಲೀಸರ ಕಾಟ’ ಎಂದು ಹಿಂಜರಿಯಬೇಕಾಗಿಲ್ಲ.

ಜಾತ್ರೆಯ ಕಾಲದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಬಸ್ಸಿನ ಬಾಡಿಗೆ ಉಳಿಯಿತೆಂದು ಲಾರಿಯಲ್ಲಿ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೋಗುವ ವಾಡಿಕೆ ನಮ್ಮಲ್ಲಿ ಇನ್ನೂ ಇದೆ. ಸರಕು ಸಾಗಿಸುವ ವಾಹನದಲ್ಲಿ ಹಾಗೆ ಕುಳಿತುಬಂದವರಿಗೆ ವಿಮಾ ಕಂಪನಿಯ ಹೊಣೆ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟು ಆಶಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಅಂದರೆ ಪರಿಹಾರದ ಭಾರವೆಲ್ಲ ಟ್ರ್ಯಾಕ್ಟರು ಕೊಟ್ಟ ನಮ್ಮ ಊರಿನ ರೈತನ ಹೊಲದ ಮೇಲೆ ಬೀಳಬಹುದು. ಸತ್ತವನೂ ನಮ್ಮವನೇ, ಹೊಲ ಕಳೆದುಕೊಳ್ಳುವವನೂ ನಮ್ಮವನೇ.

ಚಾಲಕವೃತ್ತಿಯೂ ಒಂದು ಕಾಯಕ. ಅಪಘಾತವಿಲ್ಲದೆ ವರ್ಷಗಟ್ಟಲೆ ಬಸ್ಸು ಓಡಿಸಿದವರಿಗೆ ನಮ್ಮ ರಾಜ್ಯದ ಸಾರಿಗೆ ನಿಗಮವು ಬೆಳ್ಳಿ, ಚಿನ್ನದ ಪದಕಗಳನ್ನು ಕೊಡುವ ಪದ್ಧತಿಯಿದೆ, ಅದು ಒಳ್ಳೆಯದು. ನಮ್ಮ ಮದುವೆಗಳಲ್ಲಿ ಬಸ್ಸಿನ ಚಾಲಕನಿಗೆ ಏನು ಸಿಗುತ್ತದೆ? ಕೊನೆಯ ಪಂಕ್ತಿಯ ಊಟ, ಮಲಗಲು ಬಸ್ಸಿನ ಸೀಟು, ಅಲ್ಲಿಯೂ ಮೈಕಿನ ಗದ್ದಲ. ಬೀಗರಿಗೆ ಕೋಣೆ ಗೊತ್ತುಮಾಡುವಾಗ ಚಾಲಕನಿಗೊಂದು ಕೋಣೆಯನ್ನು ಬರೆದುಕೊಂಡ ಯಜಮಾನರನ್ನು ಇಷ್ಟು ವರ್ಷಗಳಲ್ಲಿ ಇಬ್ಬರನ್ನು ಮಾತ್ರ ಕಂಡಿದ್ದೇನೆ. ಬಸ್ಸು ಗೊತ್ತುಮಾಡುವಾಗ ‘ಎಷ್ಟಕ್ಕೆ ಬರುತ್ತೀ?’ ಎಂದು ಕೇಳುವ ನಾವು ಪರ್ಮಿಟ್ಟು, ವಿಮೆ, ಅರ್ಹತಾಪತ್ರಗಳ ಕೊನೆಯ ದಿನಾಂಕವನ್ನು ಕೇಳುವುದು ಅಪರೂಪ.

ಕಳೆದ ಶ್ರಾವಣದಲ್ಲಿ ನಮ್ಮ ಊರಿನ ನಲವತ್ತು ಮಂದಿ ಯಾತ್ರೆಗೆ ಹೊರಟಿದ್ದೆವು. ರಾತ್ರಿ ಹನ್ನೊಂದಕ್ಕೆ ಹೊರಟರೆ ಬೆಳಗಿನ ಪೂಜೆಗೆ ಮುಟ್ಟಬಹುದೆಂಬ ಲೆಕ್ಕ. ಬಸ್ಸು ಏರುವ ಮುನ್ನ ಚಾಲಕನನ್ನು ‘ತಮ್ಮಾ, ಯಾವಾಗ ಮಲಗಿ ಎದ್ದೀ?’ ಎಂದು ಕೇಳಿದೆ. ಆತ ನಕ್ಕು, ‘ನಿನ್ನಿ ಮಧ್ಯಾಹ್ನ ಎರಡ ತಾಸ ಅಡ್ಡಾಗಿದ್ನ್ರಿ ಅಜ್ಜಾರ, ಏನೂ ಆಗಾಂಗಿಲ್ಲ ಬರ್ರಿ’ ಎಂದನು. ಸಾಮಾನುಗಳನ್ನು ಇಳಿಸಿದೆವು. ಕೆಲವರು ಗೊಣಗಿದರು, ಒಬ್ಬರಂತೂ ನನ್ನೊಡನೆ ಮಾತು ಬಿಟ್ಟರು. ಆತನಿಗೆ ಸಮುದಾಯ ಭವನದಲ್ಲಿ ಚಾಪೆ, ಹೊದಿಕೆ ಕೊಡಿಸಿ, ಬೆಳಗಿನ ಆರಕ್ಕೆ ಹೊರಟೆವು. ಮುಟ್ಟುವ ಹೊತ್ತಿಗೆ ಪೂಜೆ ಮುಗಿದು ಪ್ರಸಾದದ ಪಂಕ್ತಿ ನಡೆದಿತ್ತು. ಆ ಚಾಲಕನೂ ನಮ್ಮ ಸಾಲಿನಲ್ಲಿಯೇ ಕುಳಿತು ಉಂಡನು.