ಸೀಸೆಯೊಳಗಿನ ವೀರ

ಕನ್ನಡಿಯನ್ನು ಕಂಡೊಡನೆ ಕಾಲು ಕೆರೆದು ಜಗಳಕ್ಕೆ ನಿಲ್ಲುವವರು ಮನುಷ್ಯರಲ್ಲಿ ವಿರಳ. ಮೇಜಿನ ಮೇಲಿನ ಸೀಸೆಯಲ್ಲಿರುವ ಬೆಟ್ಟಾ ಮೀನಿಗೆ ಆ ಸಂಕೋಚವಿಲ್ಲ. ಮನೆಯ ಹುಡುಗ ಕೈಗನ್ನಡಿ ಹಿಡಿದನೆಂದರೆ ಅದರ ಕಿವಿರು ಅರಳುತ್ತದೆ, ರೇಷ್ಮೆಯ ಸೆರಗಿನಂತಹ ಬಾಲ ಬಿಚ್ಚಿಕೊಳ್ಳುತ್ತದೆ. ಬಂದ ನಂಟರಿಗೆಲ್ಲ ಈ ಆಟದ ಪ್ರದರ್ಶನ ತಪ್ಪದು. ಹುಡುಗ ಅದಕ್ಕಿಟ್ಟ ಹೆಸರು 'ವೀರ'.

ವೀರನ ತವರು ಸಯಾಂ, ಎಂದರೆ ಇಂದಿನ ಥಾಯ್ಲೆಂಡ್. ಅಲ್ಲಿಯವರು ಈ ಜಾತಿಯನ್ನು 'ಪ್ಲಾ ಕಾಟ್', ಕಚ್ಚುವ ಮೀನು, ಎನ್ನುತ್ತಾರೆ. ಎರಡು ಗಂಡುಗಳನ್ನು ಒಂದೇ ಪಾತ್ರೆಗೆ ಬಿಟ್ಟು ಪಣ ಕಟ್ಟುವುದು ಆ ನಾಡಿನ ಹಳೆಯ ವಿನೋದ. 2019ರಲ್ಲಿ ಇದಕ್ಕೆ ಅಲ್ಲಿಯ ರಾಷ್ಟ್ರೀಯ ಜಲಚರವೆಂಬ ಗೌರವವೂ ಸಂದಿತು. ಆದರೆ ಬತ್ತದ ಗದ್ದೆಯ ಮೀನು ಇಷ್ಟು ಕಲಹಪ್ರಿಯವಲ್ಲ. ಅಲ್ಲಿ ಸೋತದ್ದು ಪೈರಿನ ಬುಡಗಳ ನಡುವೆ ನುಸುಳಿ ಪಾರಾಗುತ್ತದೆ. ಜಗಳ ಅಲ್ಲಿಗೆ ಮುಗಿಯುತ್ತದೆ. ಪಾತ್ರೆಯಲ್ಲಿ ಓಡಲು ಎಡೆಯೆಲ್ಲಿ? ಹಿಮ್ಮೆಟ್ಟುವ ದಾರಿಯನ್ನು ಮುಚ್ಚಿದವರೇ ಅದಕ್ಕೆ ಜಗಳಗಂಟನೆಂಬ ಬಿರುದನ್ನೂ ಕೊಟ್ಟರು.

ಕಿವಿರಿನ ಮೇಲುಭಾಗದಲ್ಲಿರುವ ವಿಶೇಷ ಅಂಗದ ಬಲದಿಂದ ಇದು ನೀರ ಮೇಲಕ್ಕೆ ಬಂದು ಗಾಳಿಯನ್ನು ಸೇವಿಸಬಲ್ಲುದು. 'ಹಾಗಾದರೆ ಬೊಗಸೆ ನೀರು ಸಾಕು' ಎಂಬ ತರ್ಕ ಹುಟ್ಟಿದ್ದು ಇದರಿಂದಲೇ. ಸಾಯದಿರುವುದು ಬೇರೆ, ಬಾಳುವುದು ಬೇರೆ. ಸೀಸೆಯ ನೀರು ಬೇಗ ಕೆಡುತ್ತದೆ. ಬೆಂಗಳೂರಿನ ಮಾಗಿಯ ಚಳಿಗೆ ಬೇಗ ತಣ್ಣಗಾಗುತ್ತದೆ. ಇದಕ್ಕೆ ಹಿತವಾದುದು 24ರಿಂದ 28 ಡಿಗ್ರಿ ಸೆಂಟಿಗ್ರೇಡಿನ ಬೆಚ್ಚನೆಯ ನೀರು, 15–20 ಲೀಟರಿನ ತೊಟ್ಟಿ, ಮರೆಯಾಗಲು ನಾಲ್ಕು ಗಿಡ. ಇವಿಷ್ಟಿದ್ದರೆ ಎರಡು ಮೂರು ವರುಷದ ಆಯುಸ್ಸು.

ಒಂದು ಮುಂಜಾನೆ ವೀರನ ನೀರಿನ ಮೇಲೆ ನೊರೆ ಕಾಣಿಸಿತು. ನೀರು ಕೆಟ್ಟಿತೆಂದು ತಾಯಿ ಚೆಲ್ಲಲು ಹೊರಟಳು, ತಂದೆ ತಡೆದ. ಅದು ನೊರೆಯಲ್ಲ, ಗೂಡು. ಗಂಡು ಮೀನು ಬಾಯಿಂದ ಗುಳ್ಳೆಗಳನ್ನು ಊದಿ ಹೀಗೆ ತೊಟ್ಟಿಲು ಕಟ್ಟುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಜಾರಿ ಬಿದ್ದ ಒಂದೊಂದನ್ನೂ ಬಾಯಲ್ಲೆತ್ತಿ ಮತ್ತೆ ಗೂಡಿಗೆ ಸೇರಿಸಿ ಕಾಯುವುದು ಈ ಕಚ್ಚುವ ಮೀನೇ, ಈ ಬಾಯೇ.

"ಆದರೆ ಹೆಣ್ಣು ಮೀನು ಇಲ್ಲವಲ್ಲ?" ಎಂದ ಹುಡುಗ.

"ಇಲ್ಲ. ಆದರೂ ಕಟ್ಟುತ್ತದೆ."

ಹುಡುಗ ಬಹಳ ಹೊತ್ತು ನೋಡುತ್ತ ನಿಂತ. ಸಂಜೆ ನಂಟರು ಬಂದಾಗ ಕನ್ನಡಿಗಾಗಿ ಮನೆಯೆಲ್ಲ ಹುಡುಕಿದರು, ಅದು ಸಿಕ್ಕಲಿಲ್ಲ. ಮರುದಿನ ಹುಡುಗ ತನ್ನ ಹುಂಡಿಯನ್ನು ತಂದೆಯ ಮುಂದಿಟ್ಟು, ತೊಟ್ಟಿಯ ಬೆಲೆ ಎಷ್ಟೆಂದು ಕೇಳಿದ.