ಕೋಟೆಯೊಳಗೊಂದು ಊರು, ಊರೊಳಗೊಂದು ಒಲೆ!

ಸಿನಿಮಾ ಹುಚ್ಚಿನ ಗೆಳೆಯರಿಗೆ ಮೊದಲಿಗೇ ಒಂದು ಪ್ರಶ್ನೆ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಎಲ್ಲಿ? ಬೆಂಗಳೂರು ಅಂದಿರಾ? ಮೈಸೂರು ಅಂದಿರಾ? ಎರಡೂ ಅಲ್ಲ ಸ್ವಾಮೀ, ಕೊಲ್ಹಾಪುರ!

ಆಗ ಬೆಂಗಳೂರಿನಲ್ಲಿ ಟಾಕಿ ತೆಗೆಯುವಂಥ ಸ್ಟುಡಿಯೋ ಇರಲಿಲ್ಲ. ದುಡ್ಡು ಹಾಕಿದವರು ಚಮನ್‌ಲಾಲ್ ಡುಂಗಾಜಿ. ನಿರ್ದೇಶನ ವೈ.ವಿ. ರಾವ್. ಮಾತು, ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ರಾವಣನಾಗಿ ಆರ್. ನಾಗೇಂದ್ರರಾವ್, ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ... ಇಡೀ ದಂಡು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋಗೆ ಹೋಗಿ ಇಳಿಯಿತು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಕನ್ನಡ ಪರದೆ ಬಾಯಿ ಬಿಟ್ಟಿತು. ಅವತ್ತು ಜನ ಕೇಳಿದ ಮಾತೆಲ್ಲ ಕೊಲ್ಹಾಪುರದಲ್ಲಿ ಆಡಿದ ಮಾತು! ಆ ಚಿತ್ರದ ಒಂದೇ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ.

ಕೊಲ್ಹಾಪುರಕ್ಕೆ ಹೋದ ನಮ್ಮ ಜನ ಏನು ಮಾಡುತ್ತಾರೆ? ಮಹಾಲಕ್ಷ್ಮಿಗೆ ಕೈ ಮುಗಿದು, ಒಂದು ಜೊತೆ ಚಪ್ಪಲಿ ಕೊಂಡು, ಒಂದು ಪ್ಲೇಟ್ ಮಿಸಳ್ ತಿಂದು ಕಣ್ಣೀರು ಒರೆಸಿಕೊಳ್ಳುತ್ತಾ ವಾಪಸ್ ಬಸ್ ಹತ್ತುತ್ತಾರೆ. ಹಾಗೆ ಮಾಡಬೇಡಿ. ಅಲ್ಲಿಂದ ಬರೀ 20 ಕಿಲೋಮೀಟರ್ ಆಚೆ, ಗುಡ್ಡದ ನೆತ್ತಿಯ ಮೇಲೆ, ಪನ್ಹಾಳ ಅಂತ ಒಂದು ವಿಚಿತ್ರ ಊರಿದೆ. ಎಷ್ಟೋ ಊರಿನ ಪಕ್ಕದಲ್ಲಿ ಕೋಟೆ ಇರುತ್ತದೆ. ಇಲ್ಲಿ ಕೋಟೆಯ ಹೊಟ್ಟೆಯೊಳಗೇ ಊರು!

ಗಡಿ ದಾಟಿದ ಕೆಂಪು ಬಸ್ಸು

ನನ್ನದು ಐನಾಪುರ. ಕೃಷ್ಣೆಯ ನೀರು, ಕಬ್ಬಿನ ಗದ್ದೆ. ಗುಡ್ಡ ನೋಡಬೇಕೆಂದರೆ ನಾವು ಬಸ್ಸನ್ನೇ ಹತ್ತಬೇಕು. ಕಾಗವಾಡ ದಾಟಿದರೆ ಮಹಾರಾಷ್ಟ್ರ. ಮ್ಹೈಸಾಳ, ಮಿರಜ, ಆಮೇಲೆ ಕೊಲ್ಹಾಪುರ. ದಾರಿಯುದ್ದಕ್ಕೂ ಬೋರ್ಡಿನ ಅಕ್ಷರ ಬದಲಾಗುತ್ತದೆ, ಕಬ್ಬು ಬದಲಾಗುವುದಿಲ್ಲ. ಕಂಡಕ್ಟರ್ ಮರಾಠಿಯಲ್ಲಿ ಕೇಳುತ್ತಾನೆ, ಮುದುಕಿ ಕನ್ನಡದಲ್ಲಿ ಹೇಳುತ್ತಾಳೆ, ಟಿಕೆಟ್ ಮಾತ್ರ ಸರಿಯಾಗಿಯೇ ಹರಿಯುತ್ತದೆ.

ಆದರೆ ಒಮ್ಮೊಮ್ಮೆ ಗಡಿ ಜಗಳ ಕಾವೇರುತ್ತದೆ. 2022ರ ನವೆಂಬರಿನಲ್ಲಿ ಹಾಗಾಯಿತು, 2025ರ ಫೆಬ್ರವರಿಯಲ್ಲೂ ಆಯಿತು. ಎರಡೂ ಕಡೆಯ ಬಸ್ಸುಗಳಿಗೆ ಮಸಿ ಬಳಿದರು, ಓಡಾಟ ನಿಂತಿತು. ಬೆಂಗಳೂರು, ಮುಂಬಯಿಯವರಿಗೆ ಅದು ಪೇಪರಿನ ಸುದ್ದಿ. ನಮ್ಮ ಕಡೆಯವರಿಗೆ ಮಿರಜದ ಆಸ್ಪತ್ರೆಗೆ ಹೋಗುವ ದಾರಿಯೇ ಬಂದ್!

ಕೊಲ್ಹಾಪುರದ ನೆಲಕ್ಕೆ ಕಾಲಿಟ್ಟರೆ ಸಿನಿಮಾದವರು ಚಪ್ಪಲಿ ಬಿಡಬೇಕು, ಅಂಥ ಊರದು. ಬಾಬುರಾವ್ ಪೇಂಟರ್ ತಾವೇ ಕ್ಯಾಮೆರಾ ತಯಾರಿಸಿಕೊಂಡು, 1920ರಲ್ಲಿ ‘ಸೈರಂಧ್ರಿ’ ತೆಗೆದದ್ದು ಇಲ್ಲಿ. ಅವರ ಕಂಪನಿಯಲ್ಲಿ ಕೆಲಸ ಕಲಿತ ವಿ. ಶಾಂತಾರಾಂ 1929ರಲ್ಲಿ ಗೆಳೆಯರ ಜೊತೆ ಪ್ರಭಾತ್ ಫಿಲ್ಮ್ ಕಂಪನಿ ಕಟ್ಟಿದ್ದೂ ಇಲ್ಲೇ. ಪುಣೆಗೆ ಹೋದದ್ದು ಆಮೇಲೆ, 1933ರಲ್ಲಿ. ಆದರೆ ಈ ಊರಿನ ಸಿನಿಮಾ, ನಾಟಕಕ್ಕೂ ಬೆಂಕಿಗೂ ಅದೇನು ಹಗೆಯೋ! ಭಾಲಜಿ ಪೆಂಢಾರಕರ್ ಅವರ ಜಯಪ್ರಭಾ ಸ್ಟುಡಿಯೋ 1948ರಲ್ಲಿ ಗಾಂಧೀಜಿ ಹತ್ಯೆಯ ನಂತರದ ಗಲಭೆಯಲ್ಲಿ ಸುಟ್ಟಿತು. 1915ರಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಕೇಶವರಾವ್ ಭೋಸಲೆ ನಾಟ್ಯಗೃಹ 2024ರ ಆಗಸ್ಟಿನಲ್ಲಿ ಬೆಂಕಿಗೆ ತುತ್ತಾಯಿತು. ಪನ್ಹಾಳದ ಪಕ್ಕದ ಮಸಾಯಿ ಪಠಾರದ ಬಯಲಲ್ಲಿ ಸಂಜಯ್ ಲೀಲಾ ಭನ್ಸಾಲಿ ಹಾಕಿದ್ದ ‘ಪದ್ಮಾವತಿ’ ಸೆಟ್ಟಿಗೆ 2017ರ ಮಾರ್ಚ್‌ನಲ್ಲಿ ರಾತ್ರೋರಾತ್ರಿ ಗುಂಪೊಂದು ಬೆಂಕಿ ಇಟ್ಟಿತು. ಅದೇ ಚಿತ್ರ ಮುಂದೆ ‘ಪದ್ಮಾವತ್’ ಆಗಿ ಬಂದದ್ದು ನಿಮಗೆ ಗೊತ್ತು.

ತಹಶೀಲ್ದಾರರೂ ಕೋಟೆಯೊಳಗೇ!

ಎಸ್.ಟಿ. ಬಸ್ಸು ಗುರ್ರೆನ್ನುತ್ತಾ ಗುಡ್ಡ ಹತ್ತುತ್ತದೆ. ಸುತ್ತಲಿನ ಬಯಲಿಗಿಂತ ಸುಮಾರು 400 ಮೀಟರ್ ಎತ್ತರ. 2021ರ ಜುಲೈ ಮಳೆಯಲ್ಲಿ ಈ ರಸ್ತೆಯೇ ಕುಸಿದು ಊರು ಮೇಲೆಯೇ ಸಿಕ್ಕಿಹಾಕಿಕೊಂಡಿತ್ತು. ಮೇಲೆ ಬಂದರೆ ಎದುರಿಗೇ ಬಾಜಿಪ್ರಭು ದೇಶಪಾಂಡೆಯ ಪ್ರತಿಮೆ, ಎರಡೂ ಕೈಯಲ್ಲಿ ಕತ್ತಿ. ಒಳಗೆ ಕಾಲಿಟ್ಟರೆ ತಹಶೀಲ್ ಕಚೇರಿ, ಶಾಲೆ, ಪುರಸಭೆ, ಮನೆಗಳು, ಅಂಗಳದಲ್ಲಿ ಒಣಗಿಹಾಕಿದ ಬಟ್ಟೆ, ಅಡ್ಡಾಡುವ ಕೋಳಿ! 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಮೂರು ಸಾವಿರ ಚಿಲ್ಲರೆ. ಸುತ್ತಲೂ ಏಳು ಕಿಲೋಮೀಟರಿಗೂ ಮಿಕ್ಕಿದ ಕೋಟೆ ಗೋಡೆ. ಒಬ್ಬೊಬ್ಬರ ಪಾಲಿಗೆ ಎಷ್ಟು ಗೋಡೆ ಬಂತು, ನೀವೇ ಲೆಕ್ಕ ಹಾಕಿ.

ಈ ಕೋಟೆಗೆ ಅಡಿಪಾಯ ಹಾಕಿದವನು ಶಿಲಾಹಾರರ ಎರಡನೆಯ ಭೋಜ. ಕಾಲ 1178ರಿಂದ 1209. ನಮ್ಮೂರಿಗೆ ಹತ್ತಿರದ ಖಿದ್ರಾಪುರದಲ್ಲಿ ಕೃಷ್ಣೆಯ ದಂಡೆಗೆ ಕೋಪೇಶ್ವರನ ಗುಡಿ ಇದೆಯಲ್ಲ, ಅದೂ ಇದೇ ಶಿಲಾಹಾರರದು. ಕನ್ನಡದಲ್ಲಿ ಶಾಸನ ಬರೆಸಿದ ರಾಜಮನೆತನ. ಪನ್ಹಾಳಕ್ಕೆ ಹಳೇ ಶಾಸನಗಳಲ್ಲಿ ‘ಪದ್ಮನಾಳ’ ಅನ್ನುವ ಹೆಸರೂ ಇದೆ. ಮುಂದೆ ಯಾದವರು, ಬಹಮನಿಗಳು, ವಿಜಾಪುರದ ಆದಿಲಶಾಹಿಗಳು, ಶಿವಾಜಿ... ಒಬ್ಬರ ಕೈಯಿಂದ ಒಬ್ಬರಿಗೆ.

ನೋಡಬೇಕಾದ್ದು ಮೂರು. ಒಂದು, ತೀನ್ ದರವಾಜಾ. ಒಂದರ ಬೆನ್ನಿಗೆ ಒಂದು ಬಾಗಿಲು. ಆದಿಲಶಾಹಿಗಳ ಕಾಲದ ಕಲ್ಲುಕೆತ್ತನೆ. ಎರಡು, ಅಂಧಾರ ಬಾವಿ. ಹೊರಗಿನಿಂದ ಕಲ್ಲಿನ ಮನೆ, ಒಳಗೆ ಇಳಿದರೆ ಮೂರಂತಸ್ತಿನ ಕತ್ತಲು, ತಳದಲ್ಲಿ ನೀರು. ಶತ್ರು ಮುತ್ತಿಗೆ ಹಾಕಿ ಹೊರಗಿನ ನೀರಿಗೆ ವಿಷ ಬೆರೆಸಿದರೂ ಒಳಗಿನವರು ಬದುಕಲಿ ಅಂತ. ಮೂರನೆಯದು ಅಂಬರಖಾನೆ. ಗಂಗಾ, ಯಮುನಾ, ಸರಸ್ವತಿ ಅಂತ ಮೂರು ಕಣಜ. ಗಂಗಾ ಒಂದರಲ್ಲೇ 25,000 ಖಂಡುಗ ಕಾಳು ತುಂಬುತ್ತಿತ್ತಂತೆ! ಒಳಗೆ ನಿಂತು ಮೇಲೆ ನೋಡಿದರೆ ದೊಡ್ಡ ಟಾಕೀಸಿನಲ್ಲಿ ಕುರ್ಚಿ ಕಿತ್ತು ಹಾಕಿದ ಹಾಗೆ ಕಾಣುತ್ತದೆ. ಒಂದು ಶಿಳ್ಳೆ ಹಾಕಿ ನೋಡಿ, ಬಾಲ್ಕನಿಯಿಂದ ಹತ್ತು ಶಿಳ್ಳೆ ವಾಪಸ್!

2025ರಲ್ಲಿ ‘ಛಾವಾ’ ನೋಡಿ ಕಣ್ಣೀರಿಟ್ಟವರು ಸಜ್ಜಾ ಕೋಠಿಗೂ ಹೋಗಬೇಕು. ದಿಲೇರ್ ಖಾನನ ಕಡೆಗೆ ಹೋಗಿ ಮರಳಿ ಬಂದ ಸಂಭಾಜಿ ಇದ್ದದ್ದು ಪನ್ಹಾಳದಲ್ಲಿ. 1680ರ ಏಪ್ರಿಲಿನಲ್ಲಿ ರಾಯಗಡದಲ್ಲಿ ತಂದೆ ತೀರಿಕೊಂಡಾಗ ಮಗ ಇಲ್ಲೇ ಇದ್ದ. ಕಿಟಕಿಯಿಂದ ನೋಡಿದರೆ ಕೆಳಗೆ ಬರೀ ಕಣಿವೆ, ಮಂಜು. ಡೈಲಾಗ್ ಬೇಡ, ಸಂಗೀತ ಬೇಡ. ಸುಮ್ಮನೆ ನಿಂತರೆ ಸಾಕು.

ಹಾಡಿನ ಪ್ರಿಯರಿಗೆ ಇನ್ನೊಂದು. ಇದು ಲತಾ ಮಂಗೇಶ್ಕರ್ ಅವರ ಬಂಗಲೆ ಅಂತ ಗೈಡುಗಳು ಇಲ್ಲೊಂದು ಮನೆ ತೋರಿಸುತ್ತಾರೆ. 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ಕ್ಕೆ ಕನ್ನಡದಲ್ಲಿ ಹಾಡಿದ ದನಿಯ ಒಡತಿ. ಗೇಟಿನ ಹೊರಗೆ ನಿಂತೇ ಒಂದು ನಮಸ್ಕಾರ ಹಾಕಿ ಬಂದೆ.

ಹೊಟ್ಟೆಯ ಪಾಡು

ಈಗ ಮುಖ್ಯ ವಿಷಯಕ್ಕೆ ಬರೋಣ. ಊಟ!

ಪನ್ಹಾಳದ ಊಟ ಅಂದರೆ ಝುಣಕ, ಭಾಕರಿ. ಕೋಟೆ ಗೋಡೆಗೆ ಆನಿಸಿ ತಗಡಿನ ಮಾಡು, ಕಲ್ಲಿನ ಒಲೆ, ಕಟ್ಟಿಗೆ ಹೊಗೆ. ಹೆಣ್ಣುಮಕ್ಕಳು ಟಪಟಪ ಅಂತ ಕೈಯಲ್ಲೇ ರೊಟ್ಟಿ ಬಡಿಯುತ್ತಾರೆ. ಕಡಲೆಹಿಟ್ಟಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಹಾಕಿ ತಿರುವಿದ ಝುಣಕ. ಸುಟ್ಟ ಬದನೆಕಾಯಿ ಭರತ. ಕಲ್ಲಲ್ಲಿ ಕುಟ್ಟಿದ ಮೆಣಸಿನಕಾಯಿ ಖರ್ಡಾ, ಮೇಲೆ ಶೇಂಗಾ ಎಣ್ಣೆ. ಪಕ್ಕದಲ್ಲಿ ಪುಟ್ಟ ಮಣ್ಣಿನ ಗಡಿಗೆಯಲ್ಲಿ ಮೊಸರು. ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ! ಮಳೆ ಹನಿಯುತ್ತಿದ್ದರೆ ಉಳ್ಳಾಗಡ್ಡಿ ಭಜಿ ಬಾಣಲೆಯಿಂದ ನೇರ ಕೈಗೆ.

ನಾನು ಕೂತ ಒಲೆಯ ಮುಂದಿನ ಹೆಂಗಸು ನನ್ನ ಮರಾಠಿ ಕೇಳಿ ನಕ್ಕಳು.

“ಕರ್ನಾಟಕದಾವ್ರೇನ ತಮ್ಮಾ?”

“ಹೌದ್ರಿ ಅಕ್ಕಾರ. ಐನಾಪುರ, ಕಾಗವಾಡ ತಾಲೂಕ.”

“ನಮ್ಮ ತವರಮನಿ ನಿಪ್ಪಾಣಿ ಕಡೆ. ಲಗ್ನಾ ಆಗಿ ಬಂದು ಇಪ್ಪತ್ತ ವರ್ಷದ ಮ್ಯಾಲಾತು. ತಿನ್ನು, ಖಾರ ಹತ್ತಿದ್ರ ಮಸರ ಐತಿ.”

ಕೇಳದೇ ಇನ್ನೊಂದು ರೊಟ್ಟಿ ಎಲೆಗೆ ಬಿತ್ತು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. “ತವರಮನಿ ರೊಟ್ಟಿಗಿ ರೊಕ್ಕ ಹಿಡೀತಾರೇನೋ?” ಅಂದಳು.

ಮಾಂಸಪ್ರಿಯರಿಗೆ ಹೋಟೆಲುಗಳಲ್ಲಿ ಮಟನ್ ತಾಟು ಸಿಗುತ್ತದೆ. ಅದರ ಜೊತೆ ಎರಡು ಬಟ್ಟಲು ಸಾರು. ಕೆಂಪಗಿನದು ತಾಂಬಡಾ ರಸ್ಸಾ, ಬೆಳ್ಳಗಿನದು ಪಾಂಢರಾ ರಸ್ಸಾ. ಕೆಂಪು ವಿಲನ್ ಇದ್ದ ಹಾಗೆ, ಬಂದ ಕೂಡಲೇ ಹೊಡೆಯುತ್ತದೆ. ಬಿಳಿಯದು ತೆಂಗಿನ ಹಾಲಿನ ಸಾಧು. ಮೆಲ್ಲಗೆ ಗಂಟಲಿಗಿಳಿದು, ಆಮೇಲೆ ಮೆಣಸಿನ ಘಾಟು ತೋರಿಸುತ್ತದೆ. ಬಿಳಿ ಬಟ್ಟೆ ತೊಟ್ಟವರೆಲ್ಲ ಒಳ್ಳೆಯವರಲ್ಲ ಅಂತ ಸಿನಿಮಾದವರಿಗೆ ಹೇಳಿಕೊಡಬೇಕೆ?

ರೀಟೇಕ್ ಇಲ್ಲದ ಡೂಪ್

1660ರ ಮಾರ್ಚ್. ವಿಜಾಪುರದಿಂದ ಬಂದ ಸಿದ್ದಿ ಜೌಹರ್ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಶಿವಾಜಿ. ತಿಂಗಳುಗಟ್ಟಲೆ ಮುತ್ತಿಗೆ ಸಡಿಲಲಿಲ್ಲ. ಜುಲೈ ತಿಂಗಳ ಜಡಿಮಳೆಯ ರಾತ್ರಿ ಶಿವಾಜಿ ವಿಶಾಳಗಡದ ಕಡೆಗೆ ತಪ್ಪಿಸಿಕೊಂಡರು. ಬೆನ್ನಟ್ಟಿದ ಸೈನ್ಯವನ್ನು ಘೋಡಖಿಂಡಿಯ ಇಕ್ಕಟ್ಟಿನಲ್ಲಿ ತಡೆದು ಪ್ರಾಣ ಬಿಟ್ಟವನು ಬಾಜಿಪ್ರಭು. 2022ರ ‘ಪಾವನಖಿಂಡ’ ಚಿತ್ರದಲ್ಲಿ ಈ ಕತೆ ನೋಡಿ ಶಿಳ್ಳೆ ಹೊಡೆದವರು ನಮ್ಮ ಗಡಿ ಊರುಗಳಲ್ಲೂ ಇದ್ದಾರೆ.

ಆದರೆ ಅದೇ ರಾತ್ರಿ ಇನ್ನೊಂದು ಪಲ್ಲಕ್ಕಿಯೂ ಹೊರಟಿತ್ತು. ಅದರಲ್ಲಿ ರಾಜನ ಉಡುಪು ತೊಟ್ಟು ಕೂತವನು ಶಿವಾ ಕಾಶೀದ. ಗುಡ್ಡದ ಬುಡದ ನೇಬಾಪುರದವನು. ಕ್ಷೌರಿಕ. ಮುಖ ಶಿವಾಜಿಯನ್ನು ಹೋಲುತ್ತಿತ್ತಂತೆ. ಶತ್ರುಗಳ ಕೈಗೆ ಸಿಕ್ಕುವುದೇ ಅವನ ಕೆಲಸ! ಸಿಕ್ಕ. ಗುಟ್ಟು ಬಯಲಾಯಿತು. ತಲೆ ಕೊಟ್ಟ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡೂಪ್. ಹೀರೋ ಹೆಸರಿನಲ್ಲಿ ಗಾಜು ಒಡೆಯುವವನು, ಕುದುರೆಯಿಂದ ಬೀಳುವವನು, ಪೋಸ್ಟರಿನಲ್ಲಿ ಹೆಸರಿಲ್ಲದವನು. ಈ ಡೂಪ್‌ಗೆ ಕೆಳಗೆ ಹಾಸಿಗೆ ಹಾಸಿರಲಿಲ್ಲ, ರೀಟೇಕ್ ಇರಲಿಲ್ಲ. ಆದರೆ ಪನ್ಹಾಳ ಅವನನ್ನು ಮರೆತಿಲ್ಲ. ಅವನಿಗೂ ಇಲ್ಲಿ ಪ್ರತಿಮೆ ಇದೆ. ಪ್ರತಿ ಜುಲೈನಲ್ಲಿ ಸಾವಿರಾರು ಹುಡುಗರು ಮಳೆಯಲ್ಲಿ, ಕೆಸರಲ್ಲಿ ಇಲ್ಲಿಂದ ಪಾವನಖಿಂಡಿಗೆ ನಡೆದುಹೋಗುತ್ತಾರೆ. ರಾಜನ ಜೊತೆ ಕ್ಷೌರಿಕನಿಗೂ ಹಾರ ಹಾಕುವ ಊರು ಎಂದಮೇಲೆ ಅದರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಶ್ಚರ್ಯವಲ್ಲ.

ಒಲೆಗೊಂದು ಜಾಗ

2025ರ ಜುಲೈನಲ್ಲಿ ಯುನೆಸ್ಕೋ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 11 ಮಹಾರಾಷ್ಟ್ರದವು, ಒಂದು ತಮಿಳುನಾಡಿನ ಜಿಂಜಿ. ಪಟ್ಟಿಯಲ್ಲಿ ಪನ್ಹಾಳವೂ ಇದೆ. ಸಂತೋಷದ ಸುದ್ದಿಯೇ. ಕಲ್ಲು ಉಳಿಯಬೇಕು, ಪ್ಲಾಸ್ಟಿಕ್ ಹೋಗಬೇಕು, ಗೋಡೆಯ ಮೇಲೆ ಹುಡುಗಿಯ ಹೆಸರು ಕೆತ್ತುವ ಪ್ರೇಮಿಗಳ ಕೈಗೆ ಪೆಟ್ಟು ಬೀಳಬೇಕು.

ರೊಟ್ಟಿಯ ಅಕ್ಕಾರನ್ನು ಕೇಳಿದೆ. ಆಕೆ ಒಲೆಗೆ ಕಟ್ಟಿಗೆ ತಳ್ಳುತ್ತಾ ಹೇಳಿದಳು:

“ಮಂದಿ ಹೆಚ್ಚ ಬಂದ್ರ ನಮಗೂ ನಾಕ ರೊಟ್ಟಿ ಹೆಚ್ಚ ಖರ್ಚಾಗತಾವು. ಆದ್ರ ನಾಳೆ ಯಾರರೆ ಬಂದು ಈ ಒಲಿ ತಗೀ ಅಂದ್ರ, ಎಲ್ಲಿಗಿ ಹೋಗೂದು?”

ಉತ್ತರ ನನ್ನಲ್ಲಿ ಇರಲಿಲ್ಲ. ಆದರೆ ನನಗೆ ಅನ್ನಿಸಿದ್ದು ಇಷ್ಟು. ಖಾಲಿ ಕೋಟೆಗಳು ನಾಡಿನಲ್ಲಿ ಬೇಕಾದಷ್ಟಿವೆ. ಬಾವಲಿ, ಮುಳ್ಳುಕಂಟಿ, ಒಬ್ಬ ಕಾವಲುಗಾರ. ಪನ್ಹಾಳ ಹಾಗಲ್ಲ. ಭೋಜನ ಕಾಲದಿಂದ ಎಷ್ಟು ಧ್ವಜ ಬದಲಾದರೂ ಇಲ್ಲಿ ಯಾರೋ ಒಬ್ಬರು ಒಲೆ ಹಚ್ಚುತ್ತಲೇ ಬಂದಿದ್ದಾರೆ. ಗಂಗಾ ಕಣಜದ ಕಾಳನ್ನು ಬೀಸಿ ರೊಟ್ಟಿ ಬಡಿದವಳ ಹೆಸರು ಯಾವ ಶಾಸನದಲ್ಲೂ ಇಲ್ಲ. ಕೊಲ್ಹಾಪುರದಲ್ಲಿ ‘ಸತಿ ಸುಲೋಚನ’ದ ದಂಡಿಗೆ ಅನ್ನ ಬೇಯಿಸಿದವನ ಹೆಸರೂ ಯಾರಿಗೂ ಗೊತ್ತಿಲ್ಲ. ಕಲ್ಲನ್ನು ಕಾಯುವ ಕಾನೂನು ಒಲೆಗೂ ಒಂದು ಮೂಲೆ ಬಿಟ್ಟುಕೊಟ್ಟರೆ ಕೋಟೆಗೇನೂ ಧಕ್ಕೆಯಿಲ್ಲ. ಕಾಯಬೇಕಾದ ಪರಂಪರೆಯಲ್ಲಿ ಆ ರೊಟ್ಟಿಯೂ ಸೇರಿದೆ.

ಹೋಗುವವರಿಗೆ ನಾಲ್ಕು ಮಾತು. ಕೊಲ್ಹಾಪುರದ ಮಧ್ಯವರ್ತಿ ಬಸ್ ಸ್ಟ್ಯಾಂಡಿನಿಂದ ಪನ್ಹಾಳಕ್ಕೆ ಎಸ್.ಟಿ. ಬಸ್ಸುಗಳಿವೆ, ಸುಮಾರು ಒಂದು ಗಂಟೆಯ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು. ಕೊಡೆಯನ್ನು ಗಾಳಿ ಉಳಿಸುವುದಿಲ್ಲ, ರೇನ್‌ಕೋಟ್ ಒಯ್ಯಿರಿ. ಗೋಡೆಯ ಅಂಚಿನಲ್ಲಿ ಸೆಲ್ಫಿಗಾಗಿ ಹೀರೋಗಿರಿ ಬೇಡ, ಕೆಳಗೆ ಕಣಿವೆ ಇದೆ. ದಾರಿಯಲ್ಲೇ ಸಿಗುವ ಜ್ಯೋತಿಬಾ ಗುಡ್ಡಕ್ಕೆ ಹೋಗಿ ಬಂದರೆ ಮನೆಯಲ್ಲಿ ಹಿರಿಯರೂ ಬೈಯುವುದಿಲ್ಲ. ಮಿಸಳ್ ಕೆಳಗೆ ಕೊಲ್ಹಾಪುರದಲ್ಲೇ ತಿನ್ನಬೇಡಿ, ಹೊಟ್ಟೆ ಖಾಲಿ ಇಟ್ಟುಕೊಂಡು ಗುಡ್ಡ ಹತ್ತಿ. ಒಲೆಯ ಮುಂದೆ ಕೂತು ಕನ್ನಡದಲ್ಲೇ ಒಂದು ರೊಟ್ಟಿ ಕೇಳಿ ನೋಡಿ. ಯಾರ ತವರುಮನೆ ಎಲ್ಲಿದೆಯೋ, ಯಾರಿಗೆ ಗೊತ್ತು!