ಸ್ವಲ್ಪ ಜರುಗಿ, ನಾನು ತೋರಿಸ್ತೀನಿ

ನನ್ನ ಕಂಪ್ಯೂಟರನ್ನು ಯಾರೂ ಮುಟ್ಟುವುದಿಲ್ಲ. ಪಾಸ್‌ವರ್ಡಿನ ಭಯಕ್ಕಲ್ಲ, ಅದು ಮಾನಿಟರಿನ ಅಂಚಿಗೆ ಅಂಟಿಸಿದ ಹಳದಿ ಚೀಟಿಯ ಮೇಲೆ ಹೋಗಿಬರುವವರಿಗೆಲ್ಲ ಕಾಣುವಂತಿದೆ. ಕಾರಣ, ಕೀಬೋರ್ಡಿನ ಬಲಕ್ಕೆ ಕೂತಿರುವ ಟ್ರ್ಯಾಕ್‌ಬಾಲ್. ಪುಸ್ತಕಗಳ ಪುಟ ವಿನ್ಯಾಸ ಮಾಡುವ ನನ್ನಂಥವನ ಮೇಜಿನ ಬಳಿ ಜನ ಬರುತ್ತಲೇ ಇರುತ್ತಾರೆ. ಬಂದವರು "ಈ ಸಾಲು ಒಂಚೂರು ಮೇಲಕ್ಕೆ ಹೋಗಲಿ" ಎನ್ನುತ್ತ ತಾವೇ ಕೈ ಚಾಚುತ್ತಾರೆ. ಅಂಗೈಗೆ ಸಿಕ್ಕಿದ್ದನ್ನು ಮೇಜಿನ ಮೇಲೆ ಉಜ್ಜುತ್ತಾರೆ. ಪರದೆಯ ಮೇಲಿನ ಬಾಣ ಕದಲುವುದಿಲ್ಲ. ಇನ್ನೂ ಜೋರಾಗಿ ಉಜ್ಜುತ್ತಾರೆ. ಆಮೇಲೆ ಅದನ್ನು ಎತ್ತಿ, ಅಂಗಾತ ಮಾಡಿ, ಹೊಟ್ಟೆಯನ್ನು ಪರೀಕ್ಷಿಸಿ, "ಕೆಟ್ಟೋಗಿದೆಯಾ ಸಾರ್?" ಎಂದು ಮರುಕದಿಂದ ಕೇಳುತ್ತಾರೆ. "ಇಲ್ಲ, ಹೆಬ್ಬೆರಳಲ್ಲಿ ಆ ಗುಂಡು ಉರುಳಿಸಿ" ಎಂದರೆ ಉರುಳಿಸುತ್ತಾರೆ. ಬಾಣ ಒಂದೇ ನೆಗೆತಕ್ಕೆ ಮೇಲಿನ ಮೂಲೆ ಸೇರಿ ಕಣ್ಮರೆಯಾಗುತ್ತದೆ. "ನೀವೇ ಮಾಡಿಬಿಡಿ" ಎಂದು ಕೈ ಹಿಂದಕ್ಕೆ ತೆಗೆದುಕೊಂಡವರು ಮತ್ತೆ ಚಾಚುವುದಿಲ್ಲ.

ಇದರಿಂದ ದೊಡ್ಡ ಲಾಭವಾದದ್ದು ಕವಿಗಳ ವಿಷಯದಲ್ಲಿ. ಗದ್ಯದವರು ಪ್ರೂಫ್ ತಿದ್ದಿ ಕೊಟ್ಟು ಹೋಗುತ್ತಾರೆ. ಕವಿಗಳು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಸಾಲುಗಳ ನಡುವಿನ ಬಿಳಿ ಜಾಗವೂ ಅವರ ಕೃತಿಯೇ. ಹಿಂದೆಲ್ಲ ನಾನು ಕಾಫಿಗೆ ಎದ್ದು ಬರುವಷ್ಟರಲ್ಲಿ ಮೂರು ಚರಣಗಳು ಮೂರು ದಿಕ್ಕಿಗೆ ಹೋಗಿರುತ್ತಿದ್ದವು. ಈಗ ಅವರ ಎರಡು ಕೈಯೂ ಮಡಿಲಲ್ಲಿರುತ್ತವೆ.

ನಾನು ಇದಕ್ಕೆ ಬಂದದ್ದು ಮಣಿಕಟ್ಟಿನ ನೋವಿನಿಂದ ಎಂದು ಎಲ್ಲರಿಗೂ ಹೇಳುತ್ತೇನೆ. ಅರ್ಧ ನಿಜ. ಇನ್ನರ್ಧ ಮೇಜಿನದು. ಮೌಸ್‌ಗೆ ಓಡಾಡಲು ಬಯಲು ಬೇಕು. ನನ್ನ ಮೇಜಿನ ಮೇಲೆ ಪ್ರೂಫಿನ ಕಟ್ಟುಗಳು, ಕಾಫಿ ಲೋಟ, ಕನ್ನಡಕದ ಡಬ್ಬಿ, ಅದರ ಮೇಲೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಆವತ್ತು ಜಗಳಕ್ಕೆ ಬೇಕಾದ ಒಂದು ಸಂಪುಟ. ಉಳಿಯುತ್ತಿದ್ದದ್ದು ಅಂಗೈಯಗಲದ ಜಾಗ. ಟ್ರ್ಯಾಕ್‌ಬಾಲ್‌ಗೆ ಅಷ್ಟು ಸಾಕು. ಅದು ಕೂತಲ್ಲೇ ಕೂತಿರುತ್ತದೆ, ಗುಂಡು ಮಾತ್ರ ಉರುಳುತ್ತದೆ; ಭುಜ, ಮೊಣಕೈ, ಮಣಿಕಟ್ಟು ಮೂರಕ್ಕೂ ರಜೆ. ರಜೆಯಿಲ್ಲದ್ದು ಹೆಬ್ಬೆರಳಿಗೆ. ಮನೆಯಲ್ಲಿ ಒಬ್ಬರು ದುಡಿದು ಉಳಿದವರು ಕೂತು ತಿಂದರೆ ಏನಾಗುತ್ತದೋ ಅದು ಕ್ರಮೇಣ ಅದಕ್ಕೂ ಆಗುತ್ತದೆ, ಆ ಮಾತು ಬೇರೆ.

ಹೊಸಬರು ಇದನ್ನು ನಿನ್ನೆ ಮೊನ್ನೆ ಬಂದ ಶೋಕಿ ಎಂದುಕೊಳ್ಳುತ್ತಾರೆ. ವಯಸ್ಸಿನಲ್ಲಿ ಇದು ಮೌಸ್‌ಗಿಂತ ಹಿರಿದು. 1946ರಲ್ಲಿ ಬ್ರಿಟನ್ನಿನ ನೌಕಾಪಡೆಗೆ ರೇಡಾರ್ ಕೆಲಸ ಮಾಡುತ್ತಿದ್ದ ರಾಲ್ಫ್ ಬೆಂಜಮಿನ್, ಪರದೆಯ ಮೇಲಿನ ಗುರುತನ್ನು ಸರಿಸಲು ಲೋಹದ ಗುಂಡೊಂದನ್ನು ರಬ್ಬರ್ ಸುತ್ತಿದ ಗಾಲಿಗಳ ಮೇಲೆ ಕೂರಿಸಿದರು. ಅದು ಸೇನೆಯ ಗುಟ್ಟಾಗಿಯೇ ಉಳಿಯಿತು. 1952ರ ಹೊತ್ತಿಗೆ ಕೆನಡಾದ ನೌಕಾಪಡೆಗಾಗಿ ಟಾಮ್ ಕ್ರಾನ್‌ಸ್ಟನ್, ಫ್ರೆಡ್ ಲಾಂಗ್‌ಸ್ಟಾಫ್ ಮತ್ತು ಕೆನ್ಯನ್ ಟೇಲರ್ ಡೇಟಾರ್ ಎಂಬ ವ್ಯವಸ್ಥೆ ಕಟ್ಟಿದಾಗ ಗುಂಡಿಗೆ ದೂರ ಹುಡುಕಲಿಲ್ಲ. ತಮ್ಮ ದೇಶದ ಐದು ಗೂಟದ ಬೌಲಿಂಗ್ ಆಟದ ಚೆಂಡನ್ನೇ ತಂದು ಕೂರಿಸಿದರು. ದೇಶದ ರಕ್ಷಣೆಯ ವಿಷಯದಲ್ಲೂ ಮನೆಯಲ್ಲಿದ್ದದ್ದನ್ನೇ ಬಳಸಿ ಮುಗಿಸುವ ಈ ಬುದ್ಧಿ ನನಗೆ ಬಹಳ ಹಿಡಿಸಿತು. ಅದೂ ಗುಟ್ಟೇ. ಮೌಸ್ ಬಂದದ್ದು 1964ರಲ್ಲಿ, ಅಮೆರಿಕದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಯೋಚಿಸಿ ಬಿಲ್ ಇಂಗ್ಲಿಷ್ ಕೈಯಲ್ಲಿ ತಯಾರಾಗಿ. ನಾಲ್ಕು ವರ್ಷದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತುಂಬಿದ ಸಭೆಯ ಎದುರು ಅದನ್ನು ಆಡಿಸಿ ತೋರಿಸಿದರು. ಅದೇ 1968ರಲ್ಲಿ ಜರ್ಮನಿಯ ಟೆಲಿಫುಂಕನ್ ಕಂಪನಿಯವರೂ ಒಂದು ಮೌಸ್ ತಂದರು. ವಿಮಾನ ಸಂಚಾರ ನೋಡಿಕೊಳ್ಳುವವರ ಮೇಜುಗಳಲ್ಲಿ ಟ್ರ್ಯಾಕ್‌ಬಾಲ್ ಕೂರಿಸಬೇಕೆಂದರೆ ಮೇಜಿಗೆ ತೂತು ಕೊರೆಯಬೇಕಿತ್ತು. ಆ ಉಸಾಬರಿಯೇ ಬೇಡವೆಂದು ರೈನರ್ ಮಾಲೆಬ್ರೈನ್ ಮತ್ತು ಸಂಗಡಿಗರು ಗುಂಡನ್ನು ತಲೆಕೆಳಗು ಮಾಡಿ ಡಬ್ಬಿಯಲ್ಲಿ ಮುಚ್ಚಿಬಿಟ್ಟರು. ಅಂದರೆ ಗುಂಡಿನ ಮೌಸ್ ಬೋರಲು ಬಿದ್ದ ಟ್ರ್ಯಾಕ್‌ಬಾಲ್. ಲೋಕವೆಲ್ಲ ಬೋರಲು ಬಿದ್ದದ್ದರ ಹಿಂದೆ ಹೋಯಿತು.

ಅಂಗಾತ ಇದ್ದವರ ಕಥೆ ಹೇಳಿಕೊಳ್ಳುವಂಥದ್ದಲ್ಲ. 1980ರಲ್ಲಿ ಅಟಾರಿಯ ಮಿಸೈಲ್ ಕಮಾಂಡ್ ಆಟದಲ್ಲಿ ಹುಡುಗರು ಇದೇ ಗುಂಡನ್ನು ಉರುಳಿಸಿ ಊರುಗಳನ್ನು ಉಳಿಸಿದರು. 1989ರಲ್ಲಿ ಆಪಲ್ ತನ್ನ ಹೊತ್ತೊಯ್ಯುವ ಮ್ಯಾಕಿಂತೋಷಿಗೆ ಇದನ್ನು ಕೊಟ್ಟಿತು, 1991ರ ಪವರ್‌ಬುಕ್‌ಗಳಿಗೂ ಕೊಟ್ಟಿತು, 1994ರಲ್ಲಿ ಸವರುವ ಪ್ಯಾಡ್ ಬಂದದ್ದೇ ಗುಂಡಿಗೆ ಬೀಳ್ಕೊಡುಗೆ. ಮೈಕ್ರೋಸಾಫ್ಟ್ ಕೂಡ ಒಂದಷ್ಟು ಕಾಲ ಮಾಡಿ ನಿಲ್ಲಿಸಿತು. 2006ರಲ್ಲಿ ಬ್ಲ್ಯಾಕ್‌ಬೆರಿ ಪರ್ಲ್ ಫೋನಿನಲ್ಲಿ ಕಡಲೆ ಕಾಳಿಗಿಂತ ಚಿಕ್ಕದಾಗಿ ಇಣುಕಿ ಹೋಯಿತು. ಎಸ್.ಪಿ. ರೋಡಿನಲ್ಲಿ ಹೋಗಿ ಕೇಳಿದರೆ ಅಂಗಡಿಯ ಹುಡುಗ ನನ್ನ ಮುಖವನ್ನೂ ತಲೆಗೂದಲನ್ನೂ ನೋಡಿ, "ಹಳೇ ಮೌಸ್‌ದು ಬಾಲ್ ಈಗ ಸಿಗಲ್ಲ ಅಂಕಲ್" ಎನ್ನುತ್ತಾನೆ.

ಸಾಕುವ ಕಷ್ಟವೂ ಇದೆ. ಗುಂಡು ಒಳಗೆ ಮೂರು ಪುಟ್ಟ ಮಣಿಗಳ ಮೇಲೆ ಕೂತಿರುತ್ತದೆ. ಬೆರಳಿನ ಜಿಡ್ಡು, ಧೂಳು, ಕೋಡುಬಳೆಯ ಪುಡಿ ಎಲ್ಲ ಸೇರಿ ಆ ಮಣಿಗಳ ಸುತ್ತ ಬೂದು ಬಣ್ಣದ ಉಂಡೆ ಕಟ್ಟುತ್ತದೆ. ಆಗ ಗುಂಡು ಮುನಿಸಿಕೊಳ್ಳುತ್ತದೆ. ಬಾಣ ತಡೆತಡೆದು ನಡೆಯುತ್ತದೆ. ತಳದ ತೂತಿನಿಂದ ಪೆನ್ಸಿಲ್ ತೂರಿಸಿ ಒತ್ತಿದರೆ ಗುಂಡು ಟಪಕ್ಕನೆ ಅಂಗೈಗೆ ಬರುತ್ತದೆ. ಉಂಡೆಗಳನ್ನು ಕಿವಿಯ ಬಡ್ಸಿನಿಂದ ಎಬ್ಬಿಸಿ, ಗುಂಡನ್ನು ಹಳೆಯ ಪಂಚೆಯ ತುಂಡಿನಲ್ಲಿ ಒರೆಸಬೇಕು. ಒರೆಸಿದ್ದು ಹೆಚ್ಚಾದರೆ ಇನ್ನೊಂದು ತಕರಾರು: ತೀರ ಒಣಗಿದ ಗುಂಡು ಜಾರುವುದಿಲ್ಲ. ಅದಕ್ಕೆ ಈ ಪಂಥದವರೆಲ್ಲ ಬಲ್ಲ ಔಷಧವೆಂದರೆ ಗುಂಡನ್ನು ಮೂಗಿನ ಪಕ್ಕ ಒಮ್ಮೆ ಉಜ್ಜಿಕೊಳ್ಳುವುದು. ಆ ಎಣ್ಣೆಯಂಶಕ್ಕೆ ಸಮ ಇನ್ನೊಂದಿಲ್ಲ. ಒಂದು ಭಾನುವಾರ ನಾನು ಹೀಗೆ ಕಣ್ಣು ಮುಚ್ಚಿ ಮೂಗಿಗೆ ಉಜ್ಜಿಕೊಳ್ಳುತ್ತಿದ್ದಾಗ ನನ್ನವಳು ಬಾಗಿಲಲ್ಲಿ ನಿಂತಿದ್ದಳು. "ದೇವರ ಕೋಣೇಲಿರೋ ಸಾಲಿಗ್ರಾಮಕ್ಕೆ ಒಂದು ದಿನ ನೀರು ಹಾಕಿದೋರಲ್ಲ ನೀವು" ಎಂದಷ್ಟೇ ಹೇಳಿ ಒಳಗೆ ಹೋದಳು.

ನಮ್ಮ ಪಂಥದವರು ಇನ್ನೂ ಇದ್ದಾರೆ ಎಂದು ಗೊತ್ತಾದದ್ದು ಸ್ಕ್ಯಾನಿಂಗ್ ಸೆಂಟರಿನಲ್ಲಿ. ಪಿತ್ತಕೋಶದಲ್ಲಿ ಕಲ್ಲಿರಬಹುದೆಂಬ ಅನುಮಾನಕ್ಕೆ ಹೊಟ್ಟೆಗೆ ತಣ್ಣನೆಯ ಜೆಲ್ ಬಳಿಸಿಕೊಂಡು ಮಲಗಿದ್ದೆ. ಡಾಕ್ಟರಮ್ಮ ಬಲಗೈಯಲ್ಲಿ ನನ್ನ ಪಕ್ಕೆ ಒತ್ತುತ್ತ, ಎಡಗೈ ಬೆರಳುಗಳಲ್ಲಿ ಯಂತ್ರದ ನಡುವಿನ ದೊಡ್ಡ ಗುಂಡನ್ನು ಉರುಳಿಸುತ್ತಿದ್ದರು. ಕೈ ನೋಡುತ್ತಲೇ ಇರಲಿಲ್ಲ. ಬೆರಳು ಹಗುರಾಗಿ ಆಡಿದರೆ ಪರದೆಯ ಕಪ್ಪುಬಿಳುಪಿನಲ್ಲಿ ಕಲ್ಲಿನ ಒಂದು ತುದಿಗೆ ಕೂಡು ಗುರುತು, ಟಕ್; ಮತ್ತೆ ಆಡಿದರೆ ಇನ್ನೊಂದು ತುದಿಗೆ, ಟಕ್. ಅಳತೆ ಬಂತು. ಆ ನಯ ನನಗೆ ಇಷ್ಟು ವರ್ಷವಾದರೂ ಬಂದಿಲ್ಲ. ಹುಟ್ಟುವ ಮೊದಲೇ ತಲೆಯ ಸುತ್ತಳತೆ, ತೊಡೆಮೂಳೆಯ ಉದ್ದ ಹೀಗೆ ಗುಂಡು ಉರುಳಿಸಿಯೇ ಅಳೆಸಿಕೊಂಡು ಬಂದ ತಲೆಮಾರಿನವರೇ ನನ್ನ ಮೇಜಿನ ಬಳಿ ಬಂದು "ಕೆಟ್ಟೋಗಿದೆಯಾ ಸಾರ್" ಎನ್ನುವುದು! ಉಸಿರು ಎಳೆದು ಹಿಡಿದುಕೊಳ್ಳಲು ಡಾಕ್ಟರಮ್ಮ ಹೇಳಿದ್ದರು. ತಡೆಯಲಾಗದೆ, "ಮೇಡಂ, ನೀವು ಇದನ್ನ ಏನು ಹಾಕಿ ಒರೆಸ್ತೀರಿ?" ಎಂದೆ. ಉಸಿರು ಹೋಯಿತು, ಚಿತ್ರವೂ ಹೋಯಿತು. "ಮೊದಲಿಂದ" ಎಂದರು.

ಇಷ್ಟೆಲ್ಲ ಸುಖದ ನಡುವೆ ಒಂದು ವಿಷಯ ಮಾತ್ರ ಚುಚ್ಚುತ್ತದೆ. ನಾನು ಕೆಲಸಕ್ಕೆ ಸೇರಿದ್ದು ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ. ಮೊಳೆ ಜೋಡಿಸುತ್ತಿದ್ದ ಹಿರಿಯ ಕಂಪೋಸಿಟರ್ ಒಬ್ಬರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಕಲಿಸುವ ಹೊಣೆಯನ್ನು ಹುಡುಗನಾದ ನನಗೆ ವಹಿಸಿದ್ದರು. ಸೀಮೆಎಣ್ಣೆಯಲ್ಲಿ ಮೊಳೆ ತೊಳೆದು ತೊಳೆದು ಒರಟಾದ ಕೈ. ಮೌಸ್ ಮೇಜಿನ ಅಂಚು ಮುಟ್ಟಿದರೆ ಅವರು ಅಲ್ಲೇ ನಿಂತು, ಮುಂದೆ ಮೇಜಿಲ್ಲವಲ್ಲ ಎಂಬಂತೆ ನನ್ನ ಮುಖ ನೋಡುತ್ತಿದ್ದರು. ಅವರ ಕೈ ಮೇಲೆ ನನ್ನ ಕೈ ಇಟ್ಟು, ಎತ್ತಿ, ಮತ್ತೆ ನಡುವಿಗೆ ತಂದಿಡುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ಪಾಳಿ ಬದಲಾಯಿತು. ಕಾಲಂ ಕೊನೆಯಲ್ಲಿ ಒಂಟಿ ಪದ ಉಳಿದರೆ, ಒತ್ತಕ್ಷರ ಕೆಳಗಿನ ಸಾಲಿನ ದೀರ್ಘಕ್ಕೆ ತಗುಲಿದರೆ, "ಸ್ವಲ್ಪ ಜರುಗಪ್ಪ, ನಾನು ತೋರಿಸ್ತೀನಿ" ಎಂದು ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಸರಿಮಾಡುತ್ತಿದ್ದರು. ಅದು ಬೆಚ್ಚಗಿರುತ್ತಿತ್ತು. ನಾನು ಕಲಿತ ಅರ್ಧ ಕಸುಬು ಹೀಗೆ ಜರುಗಿ ಕೂತು ಕಲಿತದ್ದು.

ಟ್ರ್ಯಾಕ್‌ಬಾಲಿನ ಮೇಲೆ ಕೈ ಮೇಲೆ ಕೈ ಇಡಲು ಬರುವುದಿಲ್ಲ. ಇನ್ನೊಬ್ಬರ ಹೆಬ್ಬೆರಳನ್ನು ಹಿಡಿದು ಉರುಳಿಸಲಾಗುತ್ತದೆಯೇ? ಆಫೀಸಿನ ಹುಡುಗ ಹುಡುಗಿಯರು ಬಹಳ ಒಳ್ಳೆಯವರು. ಆದರೆ ಜರುಗಿ ಎನ್ನುವುದಿಲ್ಲ. ನನಗೂ ಅವರಿಗೂ ನಡುವೆ ಆರು ಅಡಿ ದೂರವಿದ್ದರೂ "ಸ್ಕ್ರೀನ್ ಶೇರ್ ಮಾಡಿ ಸಾರ್, ಇಲ್ಲಿಂದಲೇ ನೋಡ್ತೀನಿ" ಎನ್ನುತ್ತಾರೆ. ಮೊನ್ನೆ ಫಾಂಟ್ ಕೈಕೊಟ್ಟು ಅರ್ಕಾವೊತ್ತುಗಳೆಲ್ಲ ಪುಟದ ತುಂಬ ಡಬ್ಬಿಗಳಾದಾಗ ಹಾಗೆಯೇ ಆಯಿತು. ಗುಂಡು ಸುಮ್ಮನೆ ಕೂತಿದೆ, ಬಾಣ ಮಾತ್ರ ತನ್ನಷ್ಟಕ್ಕೆ ಪರದೆಯ ಮೇಲೆ ತಿರುಗಾಡುತ್ತಿದೆ. ಅದು ತಪ್ಪು ಮೆನುವಿನ ಕಡೆ ಹೊರಟಂತೆ ಕಂಡಿತು. ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಉರುಳಿಸಿಬಿಟ್ಟಿತು. ಬಾಣ ಅತ್ತ ಎಳೆಯಿತು, ಇತ್ತ ಎಳೆಯಿತು.

ಆರು ಅಡಿ ಆಚೆಯಿಂದ ಹುಡುಗ ಕೂಗಿದ: "ಸಾರ್, ಪ್ಲೀಸ್, ಎರಡು ನಿಮಿಷ ಮೌಸ್ ಮುಟ್ಟಬೇಡಿ!"

"ಮುಟ್ಟಿಲ್ಲಪ್ಪ," ಎಂದೆ. "ನನ್ನ ಹತ್ತಿರ ಮೌಸೇ ಇಲ್ಲ."